ಮೊದಲು ಚೀಟಿ, ಆಮೇಲೆ ಶಾಲೆ

ಎಲ್ಲರಿಗೂ ನಮಸ್ಕಾರ. ಅಡುಗೆಮನೆಯಿಂದ ಬಿಸಿಬೇಳೆಬಾತಿನ ಘಮ ಬರ್ತಾ ಇದೆ. ಅದರ ಜೊತೆ ಪೈಪೋಟಿ ಮಾಡುವ ಶಕ್ತಿ ನನಗಿಲ್ಲ. ಬೇಗ ಶುರು ಮಾಡುತ್ತೇನೆ.

ಅಕ್ಟೋಬರ್ ಅಂದರೆ ಬ್ರಿಟನ್ನಿನಲ್ಲಿ ಬ್ಲ್ಯಾಕ್ ಹಿಸ್ಟರಿ ತಿಂಗಳು, ಕಪ್ಪು ಜನರ ಚರಿತ್ರೆ ನೆನೆಯುವ ತಿಂಗಳು. 1987ರಿಂದ ನಡೆದು ಬಂದಿದೆ. ಇಲ್ಲಿಯ ನಮ್ಮ ಕನ್ನಡ ಸಂಘದಲ್ಲಿ ಅದು ರಾಜ್ಯೋತ್ಸವದ ತಯಾರಿಯ ಗದ್ದಲದಲ್ಲಿ ಕಳೆದೇ ಹೋಗುತ್ತದೆ. ಈ ಸಲ ಮಾತಾಡಲೇಬೇಕು ಅಂತ ಹಟ ಹಿಡಿದೆ. ಯಾಕೆಂದರೆ ಯುಗಾದಿ ಊಟದಲ್ಲಿ ಒಬ್ಬರು, "ನಾವು ಓದಿ ಮುಂದೆ ಬಂದ್ವಿ, ಕಪ್ಪು ಜನ ಯಾಕೆ ಬರಲಿಲ್ಲ?" ಅಂದರು. ಹೆಸರು ಹೇಳುವುದಿಲ್ಲ. ಇಲ್ಲೇ ಕೂತಿದ್ದಾರೆ.

ವಿಂಡ್‌ರಶ್ ಹಡಗು, 1948, ಅದು ಕೆರಿಬಿಯನ್ ದ್ವೀಪಗಳ ಜನರನ್ನು ಬ್ರಿಟನ್ನಿಗೆ ಕರೆತಂದದ್ದು, ಅದೆಲ್ಲ ನಿಮಗೆ ಗೊತ್ತೇ ಇದೆ. ಕೆರಿಬಿಯನ್‌ನಿಂದ ಬಂದವರಿಗೆ ಬಸ್ಸು, ರೈಲು, ಆಸ್ಪತ್ರೆಗಳಲ್ಲಿ ಕೆಲಸ ಸಿಕ್ಕಿತು. ಬಾಡಿಗೆಗೆ ಮನೆ ಸಿಗಲಿಲ್ಲ. ಕೊಳ್ಳೋಣ ಅಂದರೆ ಸಾಲ ಹುಟ್ಟಲಿಲ್ಲ. ಬಣ್ಣ ನೋಡಿ ಮನೆ ನಿರಾಕರಿಸುವುದು ತಪ್ಪು ಅಂತ ಕಾನೂನು ಹೇಳಿದ್ದೇ 1968ರಲ್ಲಿ. ಅಲ್ಲಿಯವರೆಗೆ ಇಪ್ಪತ್ತು ವರ್ಷ ಇವರು ಏನು ಮಾಡಿದರು? ಚೀಟಿ ಹಾಕಿದರು!

ನಿಜವಾಗಿ. ಜಮೈಕಾದವರು ಅದನ್ನು ಪಾರ್ಡ್‌ನರ್ ಅನ್ನುತ್ತಾರೆ, ಟ್ರಿನಿಡಾಡಿನವರು ಸೂಸು. ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಬಂದವರು ಬಿಡದೆ ಉಳಿಸಿಕೊಂಡ ಪದ್ಧತಿ. ನಮ್ಮ ಬೀದಿಯ ಕೊನೆಯಲ್ಲಿ ಜಮೈಕಾದ ಒಬ್ಬ ಅಜ್ಜಿ ಇದ್ದರು, ರಿಟೈರ್ ಆದ ನರ್ಸ್. ಅವರೇ ಬ್ಯಾಂಕರ್, ಅಂದರೆ ಚೀಟಿ ನಡೆಸುವವರು. ಒಮ್ಮೆ ಬಿಸ್ಕತ್ತಿನ ಡಬ್ಬಿ ತೆಗೆದು ಒಂದು ನೋಟ್‌ಬುಕ್ ತೋರಿಸಿದರು. ಎಡಗಡೆ ಹೆಸರುಗಳು, ಪಕ್ಕದಲ್ಲಿ ವಾರ ವಾರದ ಟಿಕ್ಕು. ಸಂಬಳ ಕೈಗೆ ಬಂದ ಶುಕ್ರವಾರ ಸಂಜೆ ಎಲ್ಲರೂ ದುಡ್ಡು ತಂದು ಕೊಡಬೇಕು. ನಮ್ಮಲ್ಲಿಯ ಹಾಗೆ ಚೀಟಿ ಕೂಗುವುದಿಲ್ಲ, ಸರದಿ ಪ್ರಕಾರ ಎತ್ತುವುದು. ಆದರೆ ಯಾರ ಮನೆಗಾದರೂ ಮುಂಗಡ ಕಟ್ಟುವ ಗಡುವು ಬಂದಿದ್ದರೆ ಅವರಿಗೆ ಸರದಿ ಬಿಟ್ಟುಕೊಡುತ್ತಿದ್ದರು. "ಯಾರೂ ದುಡ್ಡು ಎತ್ತಿಕೊಂಡು ಓಡಿಹೋಗಲಿಲ್ವಾ?" ಅಂತ ಕೇಳಿದೆ. ನೋಡಿ, ನಾನು ಮಂಡ್ಯದವನು, ಈ ಪ್ರಶ್ನೆ ತಾನಾಗಿ ಬಾಯಿಗೆ ಬರುತ್ತದೆ. ಅಜ್ಜಿ ಕನ್ನಡಕ ಕೆಳಗಿಳಿಸಿ, "ಓಡಿ ಎಲ್ಲಿಗೆ ಹೋಗ್ತಾರೆ? ಭಾನುವಾರ ಚರ್ಚಿಗೆ ಬರಲೇಬೇಕಲ್ಲ" ಅಂದರು.

ಹಾಗೆ ಎಷ್ಟೋ ಮನೆಗಳಾದವು. ಮನೆ ಆದಮೇಲೆ ಮಕ್ಕಳ ಓದಿನ ಕಥೆ. ಕೆರಿಬಿಯನ್ ಮಕ್ಕಳನ್ನು ಬುದ್ಧಿ ಸಾಲದವರು ಅಂತ ಬೇರೆ ಶಾಲೆಗೆ ದಬ್ಬುತ್ತಿದ್ದರು. 1967ರ ಲಂಡನ್ ಶಿಕ್ಷಣ ಇಲಾಖೆಯ ಲೆಕ್ಕ: ಸಾಮಾನ್ಯ ಶಾಲೆಗಳಲ್ಲಿ ವಲಸಿಗರ ಮಕ್ಕಳು ನೂರಕ್ಕೆ 15, ಈ ಶಾಲೆಗಳಲ್ಲಿ 28. ಅವರಲ್ಲಿ ಮುಕ್ಕಾಲು ಪಾಲು ಕೆರಿಬಿಯನ್ ಮನೆಯವರು. ಅಂಥ ಶಾಲೆಗಳಲ್ಲೇ ಪಾಠ ಮಾಡುತ್ತಿದ್ದ ಗ್ರೆನೆಡಾದ ಬರ್ನಾರ್ಡ್ ಕೋರ್ಡ್ 1971ರಲ್ಲಿ ಇದನ್ನೆಲ್ಲ ಒಂದು ಸಣ್ಣ ಪುಸ್ತಕ ಮಾಡಿದ. ಅದನ್ನು ಪ್ರಕಟಿಸಿದ್ದು ನ್ಯೂ ಬೀಕನ್, 1966ರಲ್ಲಿ ಜಾನ್ ಲಾ ರೋಸ್ ಮತ್ತು ಸಾರಾ ವೈಟ್ ಶುರು ಮಾಡಿದ ಪುಸ್ತಕ ಸಂಸ್ಥೆ. ಅದೇ ಲಾ ರೋಸ್ 1969ರಲ್ಲಿ ಉತ್ತರ ಲಂಡನ್ನಿನ ತಮ್ಮ ಮನೆಯಲ್ಲೇ, ತಮ್ಮ ಮಕ್ಕಳು, ಸ್ನೇಹಿತರ ಮಕ್ಕಳನ್ನು ಕೂರಿಸಿಕೊಂಡು, ಆಫ್ರಿಕಾದ ಸ್ವಾತಂತ್ರ್ಯಕ್ಕೆ ದುಡಿದ ಟ್ರಿನಿಡಾಡಿನ ಲೇಖಕ ಜಾರ್ಜ್ ಪ್ಯಾಡ್‌ಮೋರ್ ಹೆಸರಿನಲ್ಲಿ ಶಾಲೆ ತೆರೆದರು. ಇಂಥ ಶನಿವಾರದ ಶಾಲೆಗಳು ಮನೆಗಳಲ್ಲಿ, ಚರ್ಚ್ ಹಾಲುಗಳಲ್ಲಿ ಹುಟ್ಟುತ್ತಾ ಹೋದವು. ಗಣಿತ, ಇಂಗ್ಲಿಷು, ಜೊತೆಗೆ ತಮ್ಮ ಚರಿತ್ರೆ. ಆ 'ಬುದ್ಧಿ ಸಾಲದು' ಎಂಬ ಹಣೆಪಟ್ಟಿ ಕಾನೂನಿನಿಂದ ಹೋಗಿದ್ದು 1981ರಲ್ಲಿ. ಅಷ್ಟರವರೆಗೆ ಇವರು ಕಾಯುತ್ತಾ ಕೂರಲಿಲ್ಲ. ಮೊದಲು ಚೀಟಿ, ಆಮೇಲೆ ಶಾಲೆ. ಸರ್ಕಾರ ಕೊಟ್ಟಿದ್ದಲ್ಲ, ನರ್ಸಮ್ಮ ಮತ್ತು ಬಸ್ ಕಂಡಕ್ಟರ್ ಜೇಬಿನಿಂದ ಬಂದಿದ್ದು.

ಕಂಡಕ್ಟರ್ ಅಂದಾಗ ನೆನಪಾಯಿತು. 1963ರಲ್ಲಿ ಬ್ರಿಸ್ಟಲ್ ಬಸ್ ಕಂಪನಿ ಬಿಳಿಯರಲ್ಲದವರನ್ನು ಕಂಡಕ್ಟರ್ ಮಾಡುವುದಿಲ್ಲ ಅಂತ ಕೂತಿತ್ತು. ಹೋರಾಟಗಾರ ಪಾಲ್ ಸ್ಟೀಫನ್‌ಸನ್ ಮತ್ತು ಕೆರಿಬಿಯನ್ ಜನ ಬಸ್ ಹತ್ತದೆ ಪ್ರತಿಭಟಿಸಿದರು, ಗೆದ್ದರು. ಮೊದಲು ಕೆಲಸ ಸಿಕ್ಕಿದ್ದು ಯಾರಿಗೆ? ರಘ್‌ಬೀರ್ ಸಿಂಗ್‌ಗೆ, ನಮ್ಮ ದೇಶದ ಸಿಖ್ಖರಿಗೆ. ಹೋರಾಡಿದವರು ಅವರು, ಮೊದಲು ಬಸ್ ಹತ್ತಿದವರು ನಾವು. ನಾವು ಬರೀ ಓದಿ ಮುಂದೆ ಬಂದ್ವಿ ಅನ್ನುವುದು ಅರ್ಧ ಮಾತು, ಅಲ್ವಾ?

ಅಧ್ಯಕ್ಷರಿಂದ ಚೀಟಿ ಬಂತು. ಇದು ಬೇರೆ ಥರದ ಚೀಟಿ, 'ಎರಡು ನಿಮಿಷ' ಅಂತ ಬರೆದಿದೆ. ಯೂನಿವರ್ಸಿಟಿಗಳ ಬಗ್ಗೆ ಹೇಳುವುದಿತ್ತು. 2018ರಲ್ಲಿ ರ‍್ಯಾಪರ್ ಸ್ಟಾರ್ಮ್‌ಝಿ ಕೇಂಬ್ರಿಡ್ಜಿಗೆ ಹೋಗುವ ಇಬ್ಬರು ಕಪ್ಪು ಹುಡುಗ ಹುಡುಗಿಯರ ಖರ್ಚು ಹೊತ್ತುಕೊಂಡ, ಇಷ್ಟು ಹೇಳಿ ಮುಂದೆ ಹೋಗುತ್ತೇನೆ. ನರ್ಸುಗಳ ಸಂಘಟನೆಯ ವಿಷಯ ಇನ್ನೊಮ್ಮೆ.

ಕೊನೆಗೆ ಒಂದು ಕೆಲಸದ ಮಾತು. ನಮ್ಮೂರಲ್ಲೂ ಅಂಥ ಒಂದು ಶನಿವಾರದ ಶಾಲೆ ಇದೆ. ಹದಿನಾರರ ವಯಸ್ಸಿಗೆ ಬರೆಯುವ ಜಿಸಿಎಸ್‌ಇ ಪರೀಕ್ಷೆಯ ಗಣಿತ, ಕೆಮಿಸ್ಟ್ರಿ ಹೇಳಿಕೊಡುವವರು ಸಾಲುತ್ತಿಲ್ಲ. ಬಾಗಿಲ ಹತ್ತಿರ ಹಾಳೆ ಇಟ್ಟಿದ್ದೇನೆ, ಹೆಸರು ಬರೆದು ಊಟಕ್ಕೆ ಹೋಗಿ. ಫೋನ್ ನಂಬರ್ ಮಾತ್ರ ದಯವಿಟ್ಟು ಬಿಡಿಸಿ ಬರೆಯಿರಿ, ನಮ್ಮಲ್ಲಿ ಡಾಕ್ಟರುಗಳು ಜಾಸ್ತಿ.