‘ರಿಪಿಟಿಟಿವ್’ ಎಂದು ತಳ್ಳಿಹಾಕುವ ಮುನ್ನ

ನಮಸ್ಕಾರ. ಇವತ್ತು ಒಂದು ಇಂಗ್ಲಿಷ್ ವಿಶೇಷಣದ ಮೇಲೆ ನನಗಿರುವ ತಕರಾರನ್ನು ನಿಮ್ಮ ಮುಂದಿಡುತ್ತೇನೆ. ಆ ಪದ ‘ರಿಪಿಟಿಟಿವ್’, ಅಂದರೆ ಮತ್ತೆ ಮತ್ತೆ ಮರುಕಳಿಸುವಂಥದ್ದು. ಬೆಂಗಳೂರಿನಲ್ಲಿ ಅದು ಕಿವಿಗೆ ಬೀಳದ ದಿನವಿಲ್ಲ. ಕೆಲಸ ಬಿಟ್ಟವರು ಕೊಡುವ ಕಾರಣ ಅದು, ಮಗುವನ್ನು ಸಂಗೀತ ಪಾಠದಿಂದ ಬಿಡಿಸುವ ತಂದೆತಾಯಿ ಹೇಳುವ ನೆಪವೂ ಅದೇ. ‘ತುಂಬಾ ರಿಪಿಟಿಟಿವ್’ ಎಂದರೆ ತೀರ್ಪು ಹೊರಬಿದ್ದಂತೆ. ಏಕೆ, ಏನು ಎಂದು ಯಾರೂ ಕೇಳುವುದಿಲ್ಲ.

ಆದರೆ ಆ ಪದದ ಬೇರಿನಲ್ಲಿ ಬೇಸರವೇ ಇಲ್ಲ. ಲ್ಯಾಟಿನ್ನಿನ ‘ಪೆಟೆರೆ’ ಎಂದರೆ ಒಂದರತ್ತ ಸಾಗುವುದು, ಅರಸುವುದು, ಬೇಡುವುದು. ನ್ಯಾಯಾಲಯಕ್ಕೆ ಸಲ್ಲಿಸುವ ‘ಪಿಟಿಷನ್’ ಇದೇ ಬೇರಿನದು. ಹಸಿವೆಗೆ ಹೇಳುವ ‘ಅಪಿಟೈಟ್’ ಕೂಡ. ಮುಂದೆ ‘ರಿ’ ಸೇರಿದರೆ ಮತ್ತೆ ಅರಸುವುದು ಎಂದಾಯಿತು. ಇಂಗ್ಲಿಷಿನವರು ಈ ಬೇರಿನಿಂದ ಹಲವು ಪದಗಳನ್ನು ಮಾಡಿಕೊಂಡು ಒಂದೊಂದಕ್ಕೂ ಒಂದೊಂದು ಕೆಲಸ ಕೊಟ್ಟರು. ‘ರಿಪೀಟೆಡ್’ ಎಂದರೆ ಹಲವು ಸಲ ನಡೆದದ್ದು, ಅಷ್ಟೇ. 17ನೇ ಶತಮಾನದಲ್ಲಿ ಬಂದ ‘ರಿಪಿಟಿಷಸ್’ ನಿಜವಾದ ಬೈಗುಳ: ಹೇಳಿದ್ದನ್ನೇ ಸುಮ್ಮನೆ ಮತ್ತೆ ಹೇಳುವುದು. ‘ರಿಪಿಟಿಟಿವ್’ ಬಳಕೆಗೆ ಬಂದದ್ದು 19ನೇ ಶತಮಾನದಲ್ಲಿ. ಅದು ಮರುಕಳಿಸುವ ಸ್ವಭಾವವನ್ನು ವರ್ಣಿಸುತ್ತದೆ. ದೂರು ಆಗಬಹುದು, ಆಗದೆಯೂ ಇರಬಹುದು. ಇನ್ನು ‘ಇಟರೇಟಿವ್’ ಬೇರೆ ಬೇರಿನದು, ಲ್ಯಾಟಿನ್ನಿನ ‘ಇಟೆರುಂ’, ಅಂದರೆ ಮತ್ತೊಮ್ಮೆ ಎಂಬುದರಿಂದ ಬಂದದ್ದು. ನಮ್ಮ ಸಾಫ್ಟ್‌ವೇರ್ ಕಚೇರಿಗಳಲ್ಲಿ ಅದಕ್ಕೆ ಬಹಳ ಮರ್ಯಾದೆ. ಮಾಡಿದ್ದನ್ನೇ ಮತ್ತೆ ಮಾಡಿ, ಪ್ರತಿ ಸುತ್ತಿನಲ್ಲೂ ಸ್ವಲ್ಪ ಸ್ವಲ್ಪ ತಿದ್ದುವ ಕ್ರಮವನ್ನು ಅಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅದೇ ಜನ ಮನೆಗೆ ಬಂದು ಮಗಳ ಸರಳೆವರಸೆಯನ್ನು, ಅಂದರೆ ಕರ್ನಾಟಕ ಸಂಗೀತದ ಆರಂಭದ ಸ್ವರಪಾಠವನ್ನು, ‘ರಿಪಿಟಿಟಿವ್’ ಎನ್ನುವುದು ನನಗೆ ನೋವಿನ ವಿಷಯ.

ಆ ಸರಳೆವರಸೆಯನ್ನೇ ಹತ್ತಿರದಿಂದ ನೋಡೋಣ. ಮಾಯಾಮಾಳವಗೌಳ ರಾಗ, ಎಂಟು ಎಣಿಕೆಯ ಆದಿತಾಳ. ಏರುವಾಗ ಎಂಟು ಸ್ವರ, ಇಳಿಯುವಾಗ ಎಂಟು. ಮೊದಲನೆಯ ಕಾಲದಲ್ಲಿ, ಅಂದರೆ ಮೊದಲನೆಯ ವೇಗದಲ್ಲಿ, ತಾಳದ ಒಂದು ಎಣಿಕೆಗೆ ಒಂದೇ ಸ್ವರ, ಹಾಗಾಗಿ ವರಸೆ ಮುಗಿಯಲು ಎರಡು ಆವರ್ತ, ಅಂದರೆ ತಾಳದ ಎರಡು ಸುತ್ತು, ಬೇಕು. ಎರಡನೆಯ ಕಾಲದಲ್ಲಿ ಅದೆಲ್ಲವೂ ಒಂದೇ ಆವರ್ತದಲ್ಲಿ ಹಿಡಿಸುತ್ತದೆ. ಮೂರನೆಯ ಕಾಲದಲ್ಲಿ ಒಂದು ಆವರ್ತದೊಳಗೆ ಎರಡು ಸಲ ಹಾಡಬೇಕು. ಸ್ವರ ಅವೇ, ಕೈಯ ತಾಳವೂ ಅದೇ. ಆದರೆ ಕೈ ನಿಧಾನವಾಗಿ ನಡೆಯುತ್ತಿರುವಾಗ ಗಂಟಲು ಅದರ ನಾಲ್ಕರಷ್ಟು ವೇಗದಲ್ಲಿ ಓಡಬೇಕು, ಶ್ರುತಿ ಜಾರಬಾರದು, ಕೈಯೂ ಅವಸರಪಡಬಾರದು. ಮಗು ಇಲ್ಲಿ ಕಲಿಯುವುದು ಸ್ವರಗಳನ್ನಷ್ಟೇ ಅಲ್ಲ, ಕಾಲವನ್ನು. ಈ ಪಾಠಕ್ರಮವನ್ನು ಪುರಂದರದಾಸರು ಹಾಕಿಕೊಟ್ಟರು ಎಂದು ಪರಂಪರೆ ನಂಬುತ್ತದೆ. ಚಾಮರಾಜಪೇಟೆಯ ರಾಮನವಮಿ ಕಛೇರಿಯಲ್ಲಿ ವಿದ್ವಾಂಸರು ಸಾಹಿತ್ಯದ ಒಂದೇ ಸಾಲನ್ನು ಹಿಡಿದು ನೆರವಲ್ ಮಾಡುವಾಗ, ಅಂದರೆ ಅದನ್ನೇ ಬಗೆಬಗೆಯ ಸ್ವರವಿನ್ಯಾಸದಲ್ಲಿ ಮತ್ತೆ ಮತ್ತೆ ಹಾಡುವಾಗ, ತಲೆದೂಗುವ ನಾವು, ಆ ಸಾಮರ್ಥ್ಯ ಮೊಳೆಯುವ ಜಾಗವನ್ನು ಮಾತ್ರ ಸಹಿಸುವುದಿಲ್ಲ.

ಇದಕ್ಕೆಲ್ಲ ನಾವು ಹೇಳುವುದು ಅಭ್ಯಾಸ ಎಂದಲ್ಲವೇ? ಪಾಣಿನಿಯ ವ್ಯಾಕರಣದಲ್ಲಿ ಧಾತುವಿನ ಅಕ್ಷರ ಇಮ್ಮಡಿಯಾದಾಗ ಮೊದಲು ಬರುವ ಭಾಗದ ಹೆಸರೇ ‘ಅಭ್ಯಾಸ’. ‘ದದಾತಿ’ ಎಂಬಲ್ಲಿನ ಮೊದಲ ‘ದ’ ಅಭ್ಯಾಸ. ಫ್ರಾನ್ಸಿನಲ್ಲಿ ನಾಟಕದ ತಾಲೀಮಿಗೆ ‘ರೆಪೆತಿಸ್ಯೋಂ’ ಎನ್ನುತ್ತಾರೆ, ಅದೂ ಪೆಟೆರೆಯ ಮೊಮ್ಮಗಳೇ.

ಕನ್ನಡವಂತೂ ಈ ವಿಷಯದಲ್ಲಿ ಬಹಳ ಸ್ಪಷ್ಟವಾಗಿದೆ. ಅರ್ಥ ಕೂಡಿಸದೆ ಹೇಳಿದ್ದನ್ನೇ ಹೇಳಿದರೆ ಪುನರುಕ್ತಿ, ಅದು ದೋಷ. ವಿಶೇಷ ಅರ್ಥಕ್ಕಾಗಿ ಎರಡು ಸಲ ಹೇಳಿದರೆ ದ್ವಿರುಕ್ತಿ, ಅದು ವ್ಯಾಕರಣದ ಒಂದು ಅಧ್ಯಾಯ. ‘ಮನೆಮನೆಗೆ ಹೋದರು’ ಎಂಬಲ್ಲಿ ಒಂದು ‘ಮನೆ’ ತೆಗೆದು ನೋಡಿ, ಊರೇ ಖಾಲಿಯಾಗುತ್ತದೆ. ‘ಬೇಡ’ ಎಂಬುದಕ್ಕೂ ‘ಬೇಡ ಬೇಡ’ ಎಂಬುದಕ್ಕೂ ಇರುವ ಅಂತರ ಊಟಕ್ಕೆ ಬಡಿಸುವವರಿಗೆ ಚೆನ್ನಾಗಿ ಗೊತ್ತು. ಬಯಲು ಬಯಲು ಸೇರಿ ಬಟ್ಟಬಯಲು, ಕಡೆಗೆ ಕಡೆಗೆ ಸೇರಿ ಕಟ್ಟಕಡೆಗೆ, ನಡುವೆ ನಡುವೆ ಸೇರಿ ನಟ್ಟನಡುವೆ. ಮರುಕಳಿಸುವಾಗ ಪದ ತನ್ನ ರೂಪವನ್ನೇ ಬದಲಿಸಿಕೊಂಡು ಗಟ್ಟಿಯಾಗುತ್ತದೆ. ಇಂಥ ಭಾಷೆಯವರು ಮರುಕಳಿಕೆಯನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಹಾಗೆಂದು ‘ರಿಪಿಟಿಟಿವ್’ ಪದವನ್ನು ದೂರಿನ ಮಾತಾಗಿ ಬಳಸಲೇಬಾರದು ಎಂದು ನಾನು ಹೇಳುವುದಿಲ್ಲ. ಬಳಸಲೇಬೇಕಾದ ಜಾಗಗಳಿವೆ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಸಿದ್ಧ ಉಡುಪು ಕಾರ್ಖಾನೆಗಳಿಗೆ ಹೋಗಿ ನೋಡಿ. ಒಂದು ಅಂಗಿಯನ್ನು ಪೂರ್ತಿ ಒಬ್ಬರೇ ಹೊಲಿಯುವುದಿಲ್ಲ. ಒಬ್ಬರಿಗೆ ಕಾಲರ್, ಇನ್ನೊಬ್ಬರಿಗೆ ತೋಳು, ಮತ್ತೊಬ್ಬರಿಗೆ ಕಫ್. ಕಾಲರ್ ಹೊಲಿಯುವಾಕೆ ದಿನವಿಡೀ ಕಾಲರನ್ನೇ ಹೊಲಿಯುತ್ತಾಳೆ, ಗಂಟೆಗೆ ಇಷ್ಟು ಎಂಬ ಟಾರ್ಗೆಟ್ ಅವಳ ತಲೆಯ ಮೇಲಿರುತ್ತದೆ. ಅಲ್ಲಿ ವೇಗವನ್ನು ಗೊತ್ತುಮಾಡುವವಳು ಅವಳಲ್ಲ, ತಿದ್ದಲು, ಬದಲಿಸಲು ಅವಳಿಗೆ ಅವಕಾಶವೂ ಇಲ್ಲ. ಒಂದೇ ಚಲನೆಯಿಂದ ಮಣಿಕಟ್ಟು, ಭುಜ, ಕತ್ತು ಸವೆಯುವುದಕ್ಕೆ ವೈದ್ಯರು ಕೊಟ್ಟ ಹೆಸರಿನಲ್ಲೇ ಈ ವಿಶೇಷಣವಿದೆ: ‘ರಿಪಿಟಿಟಿವ್ ಸ್ಟ್ರೈನ್ ಇಂಜುರಿ’. ಪದ ತನ್ನ ಪೂರ್ಣ ತೂಕದೊಂದಿಗೆ ನಿಲ್ಲುವುದು ಇಲ್ಲಿ.

ಈ ಹೆಣ್ಣುಮಕ್ಕಳ ಕೆಲಸದ ಬಗ್ಗೆ ಮಾತನಾಡುವಾಗ ಆ ಪದ ನಮ್ಮ ಬಾಯಿಗೆ ಬರಲಿ. ಗಂಟೆಗೊಮ್ಮೆ ಕೈಗೆ ಬಿಡುವು, ಕುರ್ಚಿಗೆ ಬೆನ್ನಾಸರೆ, ಕಾಲರಿನಿಂದ ತೋಳಿಗೆ, ತೋಳಿನಿಂದ ಕಫ್‌ಗೆ ಸರದಿಯ ಮೇಲೆ ಕೆಲಸದ ಬದಲಾವಣೆ: ಇವ್ಯಾವುವೂ ಅತಿಯಾದ ಬೇಡಿಕೆಗಳಲ್ಲ, ಕಾರ್ಖಾನೆಗಳ ಮಾಲೀಕರು ಒಪ್ಪಿದರೆ ನಾಳೆಯೇ ಶುರುಮಾಡಬಹುದು.