ಎಷ್ಟು ಜನ ಅನ್ನೋದು ಸಾಕು, ಯಾರು ಅಂತ ಹೇಳಿ

ನಮಸ್ಕಾರ, ಕಲಬುರಗಿಯಿಂದ ಮಾತಾಡ್ತಾ ಇದ್ದೇನೆ. ಹಿಂದೆ ಕೇಳ್ತಿರೋದು ದಾಲ್ ಮಿಲ್ ಸದ್ದು, ಸ್ವಲ್ಪ ಸಹಿಸಿಕೊಳ್ಳಿ.

ಹೋದ ವಾರ ಛತ್ತೀಸ್‌ಗಢದ ಬಸ್ತರ್‌ನಲ್ಲಿ ಮಾವೋವಾದಿಗಳ, ಅಂದರೆ ನಕ್ಸಲರ ವಿರುದ್ಧದ ಎನ್‌ಕೌಂಟರ್‌ಗಳ ಬಗ್ಗೆ ವಿಡಿಯೋ ಹಾಕಿದ್ದೆ. ಕೆಳಗೆ ಒಬ್ಬರು ಬರೆದಿದ್ದಾರೆ: "ಅಣ್ಣಾ, ಅದೆಲ್ಲ ಬಿಡು, ಇವತ್ತು ಎಷ್ಟು ವಿಕೆಟ್ ಬಿತ್ತು ಹೇಳು." ಆ ಮಾತು ನೋಡಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಸತ್ತಿದ್ದು ಮನುಷ್ಯರು ಕಣ್ರೀ. ನಾನು ಕೇಳೋದು ಒಂದೇ. ಎಷ್ಟು ಜನ ಅಂತ ಹೇಳಿದರೆ ಸಾಲದು, ಯಾರು ಅಂತ ಹೇಳಿ.

ಯಾಕೆ ಗೊತ್ತಾ? 2012ರ ಜೂನ್ 28ರ ರಾತ್ರಿ, ಬಿಜಾಪುರ ಜಿಲ್ಲೆಯ ಸರ್ಕೆಗುಡ. ನಮ್ಮ ವಿಜಯಪುರ ಅಲ್ಲ, ಛತ್ತೀಸ್‌ಗಢದ ಬಿಜಾಪುರ. ಭದ್ರತಾ ಪಡೆಯವರ ಗುಂಡಿಗೆ 17 ಜನ ಸತ್ತರು. ಸತ್ತವರು ಮಾವೋವಾದಿಗಳು ಅಂತ ಪಡೆಯವರು ಹೇಳಿದರು. ಬಿತ್ತನೆ ಹಬ್ಬದ ಮಾತುಕತೆಗೆ ಸೇರಿದ್ದೆವು ಅಂತ ಊರವರು ಬಡಕೊಂಡರು, ಯಾರೂ ಕೇಳಲಿಲ್ಲ. ಇದರ ವಿಚಾರಣೆಗೆ ನೇಮಿಸಿದ ನ್ಯಾಯಮೂರ್ತಿ ವಿ.ಕೆ. ಅಗರ್ವಾಲ್ ಆಯೋಗದ ವರದಿ ಹೊರಗೆ ಬಂದಿದ್ದು 2019ರಲ್ಲಿ. ಸತ್ತವರು ಮಾವೋವಾದಿಗಳು ಅನ್ನೋದಕ್ಕೆ ತಕ್ಕ ಸಾಕ್ಷಿಯೇ ಇಲ್ಲ ಅಂತು ಆಯೋಗ. ಏಳು ವರ್ಷ! ಅವತ್ತೇ ಒಬ್ಬೊಬ್ಬರ ಹೆಸರು, ವಯಸ್ಸು, ಯಾರ ಮಗ, ಯಾರ ಮಗಳು ಅಂತ ಕೇಳಿದ್ದರೆ? ಸತ್ತವರಲ್ಲಿ ಶಾಲೆ ಮಕ್ಕಳ ವಯಸ್ಸಿನವರೂ ಇದ್ದರು.

"ಯೋಧರು ಸತ್ತಾಗ ಎಲ್ಲಿದ್ದೆ" ಅಂತ ಕೇಳೋರಿದ್ದಾರೆ. ಇಲ್ಲೇ ಇದ್ದೆ. 2010ರ ಏಪ್ರಿಲ್ 6ರಂದು ದಂತೇವಾಡದ ಕಾಡಿನಲ್ಲಿ 76 ಜನ ಯೋಧರನ್ನು ಮಾವೋವಾದಿಗಳು ಕೊಂದರು. ಅವರಿಗೂ ಒಬ್ಬೊಬ್ಬರಿಗೂ ಹೆಸರಿದೆ, ಊರಿದೆ, ದಾರಿ ಕಾಯ್ತಾ ಇದ್ದ ಮನೆಯಿದೆ. ಪೊಲೀಸರ ಮಾಹಿತಿದಾರ ಅಂತ ಪಟ್ಟ ಕಟ್ಟಿ ಹಳ್ಳಿಯವರನ್ನು ಕೊಲ್ಲೋ ಮಾವೋವಾದಿಗಳನ್ನೂ ನಾನು ಬಿಡೋದಿಲ್ಲ. ಅವರೂ ಮನುಷ್ಯನ ಹೆಸರು ಕಿತ್ತು ಪಟ್ಟ ಅಂಟಿಸ್ತಾರೆ. ಯಾರೇ ಕೊಂದಿರಲಿ, ಸತ್ತವರು ಯಾರು ಅಂತ ಹೇಳಿ!

"ನಿನಗ್ಯಾಕಪ್ಪ, ಕಲಬುರಗಿಯಲ್ಲಿ ಆರಾಮಾಗಿದ್ದೀಯ" ಅಂತಾರೆ. ಕಲಬುರಗಿಯವನು ಅಂತಲೇ ಕೇಳ್ತಿದ್ದೇನೆ. ನಿಜಾಮನ ಪರ ನಿಂತ ಸಶಸ್ತ್ರ ಪಡೆ ರಜಾಕಾರರ ಹಾವಳಿ ನಮ್ಮ ಹಿರಿಯರು ಕಣ್ಣಾರೆ ಕಂಡಿದ್ದು. ಅವರು ಜನರನ್ನು ಕೊಂದ ಬೀದರ್ ಜಿಲ್ಲೆಯ ಗೋರ್ಟಾ ಮರೆಯೋ ಊರಲ್ಲ. ಆಮೇಲೆ 1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಆ್ಯಕ್ಷನ್ ಆಯಿತು, ಅಂದರೆ ಭಾರತದ ಸೇನೆ ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ನುಗ್ಗಿ ವಶಕ್ಕೆ ತಗೊಂಡಿತು. ಆಗಲೂ, ಅದಾದ ಮೇಲೂ ಸತ್ತವರು ಎಷ್ಟು ಅಂತ ಕೇಂದ್ರ ಸರ್ಕಾರ ಕಳಿಸಿದ ಸುಂದರ್‌ಲಾಲ್ ಸಮಿತಿ ಊರೂರು ತಿರುಗಿ ನೋಡಿತು. ಹೆಚ್ಚು ಏಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗ ಒಂದು, ಬೀದರ್ ಇನ್ನೊಂದು. ಯಾದಗಿರಿ ಆಗ ಗುಲ್ಬರ್ಗದೊಳಗೇ ಇತ್ತು. ಇಡೀ ಹೈದರಾಬಾದ್ ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಅಂತ ಸಮಿತಿಯ ಅಂದಾಜು. ಆ ಎರಡು ಅಂಕಿಗಳ ನಡುವೆ ಎಷ್ಟು ಜನ, ಲೆಕ್ಕ ಹಾಕಿ. 13,000! ಇದ್ದರೋ ಸತ್ತರೋ ಅನ್ನೋದೇ ಗೊತ್ತಿಲ್ಲದ 13,000 ಜನ.

ನಮ್ಮ ಮನೆಯಲ್ಲಿ ಒಂದು ತಾಮ್ರದ ಕೊಡ ಇದೆ. ಆ ದಿನಗಳಲ್ಲಿ ಪಕ್ಕದ ಮನೆಯ ಚಾಚಿ ನಮ್ಮ ಅಜ್ಜಿ ಕೈಗೆ ಕೊಟ್ಟು, "ಬಂದು ಒಯ್ತೀನಿ, ಇಟ್ಟಿರವ್ವಾ" ಅಂದು ಹೋದರಂತೆ. ಬರಲೇ ಇಲ್ಲ. ಕೊಡದ ಕೊರಳಲ್ಲಿ ಚುಕ್ಕೆ ಚುಕ್ಕೆಯಾಗಿ ಉರ್ದುವಿನಲ್ಲಿ ಹೆಸರು ಕೊರೆಸಿದ್ದಾರೆ. ಅಜ್ಜಿ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ, ಈಗ ಎರಡೇ ಅಕ್ಷರ ಉಳಿದಿವೆ. ಓದೋಕೆ ಬರುವವರಿಗೆ ತೋರಿಸಿದೆ. ಹೆಸರು ಕೂಡಲಿಲ್ಲ. ಅಜ್ಜಿಗೂ ಆಕೆ ಬರೀ ಚಾಚಿ.

ಬಸ್ತರ್‌ನಲ್ಲಿ ನಾಳೆ ಹೀಗಾಗಬಾರದು. 2026ರ ಮಾರ್ಚ್ 31ರೊಳಗೆ ಮಾವೋವಾದ ಮುಗಿಸ್ತೀವಿ ಅಂತ ಕೇಂದ್ರ ಸರ್ಕಾರದವರು ಗಡುವು ಹಾಕಿದರಲ್ಲ, ಗಡುವು ಹಾಕಿದ ಮೇಲೆ ಎಲ್ಲರ ಕಣ್ಣೂ ಅಂಕಿ ಮೇಲೇ. ದೊಡ್ಡ ನಾಯಕ ಸತ್ತರೆ ಹೆಸರು, ಫೋಟೋ, ತಲೆಗೆ ಕಟ್ಟಿದ ಬಹುಮಾನ ಎಲ್ಲ ಟಿವಿಯಲ್ಲಿ ಬರುತ್ತೆ. ಉಳಿದವರು? "ಇತರರು." ಇತರರು ಅಂದರೆ ಯಾರ್ರೀ? ಹೇಳಿ! ಯಾರು ಅಂತ ಹೇಳಿ!

ಇದಕ್ಕೆ ದೇಶದ್ರೋಹಿ ಅಂತೀರಾ? ಅನ್ನಿ. ಮತ್ತೆ ಕೇಳ್ತೀನಿ, ಯಾರು?

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ನಾಲ್ಕು ಜನಕ್ಕೆ ಕಳಿಸಿ. ನಿಮ್ಮ ಮನೆಯ ಹಿರಿಯರನ್ನು ಇವತ್ತೇ ಕೂರಿಸಿಕೊಂಡು ಕೇಳಿ. ಪೊಲೀಸ್ ಆ್ಯಕ್ಷನ್ ಹೊತ್ತಲ್ಲಿ, ರಜಾಕಾರರ ಹೊತ್ತಲ್ಲಿ ಹೋದವರ ಹೆಸರು ನೆನಪಿದ್ದರೆ ಬರೆದು ಕಳಿಸಿ. ಯಾವ ಜಾತಿ, ಯಾವ ಧರ್ಮ ಬೇಡ, ಹೆಸರು ಮತ್ತು ಊರು ಸಾಕು. ಮುಂದಿನ ಭಾನುವಾರ ಬೇರೆ ಏನೂ ಮಾತಾಡೋದಿಲ್ಲ, ಬಂದಷ್ಟೂ ಹೆಸರು ಓದ್ತೀನಿ.