ಹಾಡು ಬಂದಾಗ ನಟ ಎಲ್ಲಿ ನಿಲ್ಲಬೇಕು?

ಎಲ್ಲರಿಗೂ ನಮಸ್ಕಾರ.

ನಾನು ನಟ ಅಲ್ಲ, ಹಾಡುಗಾರನೂ ಅಲ್ಲ. ನಾಟಕದ ಹುಚ್ಚು ಇದೆ, ಅಷ್ಟೇ. ನಮ್ಮ ರಾಯಚೂರಿನ ರಂಗಮಂದಿರಕ್ಕೆ ಪಂಡಿತ ಸಿದ್ದರಾಮ ಜಂಬಲದಿನ್ನಿ ಅವರ ಹೆಸರಿದೆ. ಅವರು ಗಾಯಕರು. ಬಳ್ಳಾರಿಗೆ ಹೋದರೆ ಅಲ್ಲಿ ರಾಘವರ ಹೆಸರಿನ ಕಲಾಮಂದಿರ. ಅವರು ವಕೀಲಿಕೆ ಮಾಡುತ್ತಲೇ ಬಣ್ಣ ಹಚ್ಚಿದವರು, ಸಹಜ ಅಭಿನಯಕ್ಕೆ ಹೆಸರಾದವರು. ಒಂದೂರಲ್ಲಿ ಹಾಡಿಗೆ ಮಾನ, ಇನ್ನೊಂದೂರಲ್ಲಿ ಅಭಿನಯಕ್ಕೆ. ನಮ್ಮ ಸೀಮೆಯ ನಾಟಕ ಈ ಎರಡರ ನಡುವೆ ಜಗ್ಗಾಡುತ್ತಲೇ ಬಂದಿದೆ, ಅಲ್ವಾ?

ಈ ಜಗ್ಗಾಟ ನನಗೆ ಸರಿಯಾಗಿ ಕಣ್ಣಿಗೆ ಬಿದ್ದದ್ದು ಮುಂಬೈಯಲ್ಲಿ. 2023ರ ಮೇ ತಿಂಗಳಲ್ಲಿ ಅಲ್ಲಿನ ನೀತಾ ಮುಖೇಶ್ ಅಂಬಾನಿ ಕಲ್ಚರಲ್ ಸೆಂಟರ್‌ನಲ್ಲಿ ‘ದಿ ಸೌಂಡ್ ಆಫ್ ಮ್ಯೂಸಿಕ್’ ನಾಟಕ ಬಂದಿತ್ತು. ಅಳಿಯ ಟಿಕೆಟ್ ತೆಗೆದಿದ್ದ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಹೋಗಿಬಂದೆ. ಎರಡು ಸಾವಿರ ಸೀಟಿನ ಥಿಯೇಟರ್. ಅದರ ದೀಪ, ಮೆಟ್ಟಿಲು, ಕುರ್ಚಿ ಬಗ್ಗೆ ಹೇಳುತ್ತಾ ಕೂತರೆ ಸಂಜೆ ಮುಗಿಯುತ್ತೆ. ಅದು ಬಿಡಿ.

ಸಿನಿಮಾ ನೀವೆಲ್ಲ ನೋಡಿರುತ್ತೀರಿ. ಆದರೆ ನಾಟಕವೇ ಮೊದಲು. 1959ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇನಲ್ಲಿ ಆಡಿದ್ದು, ಸಿನಿಮಾ ಬಂದದ್ದು 1965ರಲ್ಲಿ. ಸಂಗೀತ ರಿಚರ್ಡ್ ರಾಜರ್ಸ್ ಅವರದ್ದು, ಹಾಡು ಬರೆದವರು ಆಸ್ಕರ್ ಹ್ಯಾಮರ್‌ಸ್ಟೈನ್. ಕಥೆ ಆಸ್ಟ್ರಿಯಾದ್ದು. ಹೆಂಡತಿ ತೀರಿಕೊಂಡ ನೌಕಾಪಡೆಯ ಕ್ಯಾಪ್ಟನ್, ಏಳು ಮಕ್ಕಳು. ಮನೆಯಲ್ಲಿ ಹಾಡು ಬಂದ್. ಮಕ್ಕಳನ್ನು ಕರೆಯೋದೂ ಸೀಟಿ ಊದಿ. ಅವರನ್ನು ನೋಡಿಕೊಳ್ಳೋಕೆ ಬಂದ ಮರಿಯಾ ಹಾಡು ಕಲಿಸುತ್ತಾಳೆ. ಒಂದು ದೃಶ್ಯದಲ್ಲಿ ಮಕ್ಕಳು ಹಾಡುತ್ತಿರುವಾಗ ಆ ಅಪ್ಪನೂ ದನಿಗೂಡಿಸುತ್ತಾನೆ. ಅಲ್ಲಿಯವರೆಗೆ ಆತ ಬರೀ ಆರ್ಡರ್ ಮಾಡುವ ಆಸಾಮಿ. ‘ನನ್ನದು ತಪ್ಪಾಯ್ತು ಮಕ್ಕಳೇ’ ಅಂತ ಒಂದು ಪುಟ ಮಾತು ಬರೆಯಬಹುದಿತ್ತು. ಬರೆದಿಲ್ಲ. ಎರಡು ಸಾಲು ಹಾಡುತ್ತಾನೆ, ಮನೆಯ ನಡೆಯೇ ಬದಲಾಗುತ್ತೆ.

ನಾನು ಗಮನಿಸಿದ್ದು ಇನ್ನೊಂದು. ಹಾಡುವಾಗ ಅವರು ಎಲ್ಲಿ ಬೇಕಾದರೂ ಇರುತ್ತಾರೆ. ಓಡುತ್ತಾರೆ, ಮಕ್ಕಳನ್ನು ಅಪ್ಪಿಕೊಳ್ಳುತ್ತಾರೆ, ನಮಗೆ ಬೆನ್ನು ಹಾಕುತ್ತಾರೆ. ಇಂಥ ನಾಟಕಗಳಲ್ಲಿ ಕೂದಲಂಚಿಗೆ, ಹಣೆಯ ಮೇಲ್ಭಾಗಕ್ಕೆ ಸಣ್ಣ ಮೈಕ್ ಅಂಟಿಸಿರುತ್ತಾರೆ. ಹಾಗಾಗಿ ಹಾಡು ಪಾತ್ರದ ಜೊತೆ ಓಡಾಡುತ್ತೆ.

ನಮ್ಮಲ್ಲಿ? ಸ್ಟೇಜಿನ ಮುಂದೆ ಎರಡು ಮೈಕ್ ತೂಗುತ್ತಿರುತ್ತವೆ. ಹಾರ್ಮೋನಿಯಂ ಬಾರಿಸುವ ಪೇಟಿ ಮಾಸ್ತರ ಸುರ ಕೊಟ್ಟ ಕೂಡಲೇ ನಟ ಎಲ್ಲಿದ್ದರೂ ಸರಿ, ಸೀದಾ ಮೈಕಿನ ಕೆಳಗೆ ಬರುತ್ತಾನೆ. ಹೆಂಡತಿ ಸಾಯುತ್ತಾ ಹಿಂದೆ ಬಿದ್ದಿದ್ದರೆ ಬಿದ್ದಿರಲಿ! ಇದು ದಡ್ಡತನ ಅಂತ ನಾನು ಹೇಳೋದಿಲ್ಲ. ಮೈಕ್ ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಕೇಳಬೇಕು ಅಂದರೆ ಮುಂದೆ ಬರಬೇಕಿತ್ತು, ಶ್ರುತಿ ಏರಿಸಬೇಕಿತ್ತು. ಕಾಲಿನಿಂದ ತುಳಿಯುವ ಹಾರ್ಮೋನಿಯಂ ಬಂದದ್ದೂ ಎರಡೂ ಕೈಯಿಂದ ಜೋರಾಗಿ ಬಾರಿಸೋಕೆ ಅನುಕೂಲ ಅಂತಲೇ. ಮೈಕ್ ಬಂತು, ನಿಲ್ಲುವ ಅಭ್ಯಾಸ ಮಾತ್ರ ಹಾಗೇ ಉಳಿಯಿತು.

ಮತ್ತೆ ಈ ಹಾಡಿನ ನಾಟಕ ನಮಗೇನು ಹೊರಗಿನ ಸರಕಲ್ಲ. 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಗದಗಿನ ಪುಟ್ಟರಾಜ ಗವಾಯಿಗಳು ನಾಟಕ ಬರೆದರು, ಆಶ್ರಮದ ಕಂಪನಿ ಅವನ್ನು ಊರೂರಲ್ಲಿ ಆಡಿತು. ಮಲ್ಲಿಕಾರ್ಜುನ ಮನ್ಸೂರರೂ ಹುಡುಗನಾಗಿದ್ದಾಗ ನಾಟಕ ಕಂಪನಿಯಲ್ಲಿದ್ದವರು. ಬ್ರಾಡ್‌ವೇದವರ ಮುಂದೆ ನಾವು ಕೈಕಟ್ಟಿ ನಿಲ್ಲೋ ಅಗತ್ಯ ಏನಿಲ್ಲ.

ಈಗ ‘ರಕ್ತರಾತ್ರಿ’ಗೆ ಬರ್ತೀನಿ. ಕಂದಗಲ್ ಹನುಮಂತರಾಯರ ಈ ನಾಟಕ ಆಡದ ಊರು ನಮ್ಮ ಕಡೆ ಕಡಿಮೆ. ಅಶ್ವತ್ಥಾಮ ರಾತ್ರೋರಾತ್ರಿ ದ್ರೌಪದಿಯ ಐದು ಮಕ್ಕಳನ್ನು ಕೊಲ್ಲುವ ಕಥೆ. ದ್ರೌಪದಿ ಅಂದರೆ ಬಳ್ಳಾರಿಯ ಸುಭದ್ರಮ್ಮ ಮನ್ಸೂರ್ ನೆನಪಾಗದೆ ಇರಲ್ಲ. 2020ರಲ್ಲಿ ತೀರಿಕೊಂಡರು. ರಂಗಗೀತೆ ಅಂದರೆ ಅವರೇ ಅನ್ನುವ ಹಾಗಿತ್ತು.

ಒಮ್ಮೆ ಸಿಂಧನೂರು ಕಡೆಯ ಒಂದು ಹಳ್ಳಿಯ ಜಾತ್ರೆಯಲ್ಲಿ ಇದೇ ನಾಟಕ. ಭೀಮ, ಅಶ್ವತ್ಥಾಮ ಎಲ್ಲ ಊರಿನ ರೈತರೇ. ದ್ರೌಪದಿ ಮಾತ್ರ ಹೊರಗಿನಿಂದ ಕರೆಸಿದ ಕಲಾವಿದೆ. ನಡುವೆ ನಡುವೆ ಆಯೇರಿ, ಅಂದರೆ ನಟರಿಗೆ ಉಡುಗೊರೆ ಕೊಡೋದು. ಭೀಮನ ಮಾವ ಸ್ಟೇಜ್ ಹತ್ತಿ ಟವಲ್ ಹಾಕಿ, ನೋಟು ಪಿನ್ ಮಾಡಿ ಇಳಿದ. ಭೀಮ ಗದೆ ಹಿಡಿದುಕೊಂಡೇ ಕೈಮುಗಿದ. ದುಃಖದ ಹಾಡು ಬರುವ ಹೊತ್ತಿಗೆ ಬೆಳಗಿನ ಜಾವ. ಆಕೆ ಮೈಕಿನ ಕೆಳಗೆ ಬಂದು ಆಲಾಪ ಎತ್ತಿದ್ದಳು, ಕರೆಂಟ್ ಹೋಯ್ತು. ಜನ ಕೂಗಿದರು. ಯಾರೋ ಜನರೇಟರ್ ಕಡೆಗೆ ಓಡಿದರು. ಆಕೆ ಹಾಡು ನಿಲ್ಲಿಸಲಿಲ್ಲ. ಹೇಗೂ ಮೈಕ್ ಇಲ್ಲವಲ್ಲ, ಹಿಂದಕ್ಕೆ ಹೋಗಿ ಮಲಗಿದ್ದ ಹುಡುಗರ ಪಕ್ಕ ಕೂತಳು. ಒಬ್ಬನ ತಲೆ ತೊಡೆಯ ಮೇಲೆ ಎಳೆದುಕೊಂಡು ಅಲ್ಲಿಂದಲೇ ಹಾಡಿದಳು. ಪೇಟಿ ಮಾಸ್ತರ ತಕ್ಷಣ ಬಾರಿಸೋದು ಕಡಿಮೆ ಮಾಡಿ ಬರೀ ಸುರ ಹಿಡಿದ. ತಬಲಾದವನು ಕೈ ತೆಗೆದ. ಕೂಗುತ್ತಿದ್ದವರು ಸುಮ್ಮನಾಗೋಕೆ ಜಾಸ್ತಿ ಹೊತ್ತು ಬೇಕಾಗಲಿಲ್ಲ. ಪಕ್ಕದಲ್ಲಿದ್ದ ಅಜ್ಜಿ ಮೂಗು ಒರೆಸಿಕೊಂಡಳು.

ಆಮೇಲೆ ಜನರೇಟರ್ ಶುರುವಾಯ್ತು, ‘ಒನ್ಸ್ ಮೋರ್’ ಅಂತ ಕೂಗು ಬಂತು. ಆಕೆ ಹುಡುಗನ ತಲೆ ಕೆಳಗಿಟ್ಟು, ಸೆರಗು ಸರಿ ಮಾಡಿಕೊಂಡು, ಮತ್ತೆ ಮೈಕಿನ ಕೆಳಗೆ ಬಂದು ನಿಂತಳು!

ಎರಡನೇ ಸಲದ್ದು ಸಂಗೀತಕ್ಕೆ ಚೆನ್ನಾಗಿತ್ತು. ತಾನಗಳು, ಅಂದರೆ ಸ್ವರಗಳ ಜೋರು ಓಟ, ಜಾಸ್ತಿ ಬಂದವು. ಆದರೆ ನಾಟಕ ಮೊದಲನೆಯದರಲ್ಲಿತ್ತು. ಮುಂಬೈಯಲ್ಲಿ ಕೊನೆಗೆ ಆ ಕ್ಯಾಪ್ಟನ್, ನಾಜಿಗಳು ಕಾಯುತ್ತಿರುವ ಸಭೆಯಲ್ಲಿ ನಿಂತು ತನ್ನ ನಾಡಿನ ಬೆಟ್ಟದ ಒಂದು ಬಿಳಿ ಹೂವಿನ ಮೇಲೆ ಪುಟ್ಟ ಹಾಡು ಹಾಡುತ್ತಾನೆ. ಹ್ಯಾಮರ್‌ಸ್ಟೈನ್ ಬರೆದ ಕೊನೆಯ ಹಾಡು ಅದು ಅಂತಾರೆ. 1960ರಲ್ಲಿ ಅವರು ತೀರಿಕೊಂಡರು. ಒಂದು ತಾನಿಲ್ಲ, ಒಂದು ಏರು ದನಿಯಿಲ್ಲ. ನನಗೆ ಸಿಂಧನೂರಿನ ಆ ಕರೆಂಟ್ ಹೋದ ಹೊತ್ತು ನೆನಪಾಯ್ತು.

ಹಾಗಂತ ಮುಂಬೈದೇ ಮೇಲು ಅಂತಲ್ಲ. ಅಲ್ಲಿ ಎಲ್ಲ ಅಳತೆಯ ಪ್ರಕಾರ. ಚಪ್ಪಾಳೆಗೂ ಜಾಗ ಬಿಟ್ಟಿರುತ್ತಾರೆ. ನಟಿ ಉಸಿರು ಎಳೆದರೆ ಕಾಯುವ, ದನಿ ಒಡೆದರೆ ಮುಚ್ಚುವ ಪೇಟಿ ಮಾಸ್ತರ ಅಲ್ಲಿ ನನಗೆ ಸಿಗಲಿಲ್ಲ. ಅದು ನಮ್ಮ ಗಂಟು. ಅದನ್ನೇ ನಾವು ಈಗ ಬಿಟ್ಟುಕೊಡುತ್ತಿದ್ದೇವೆ. ಟ್ರ್ಯಾಕ್ ಹಾಕಿ ಬಾಯಿ ಆಡಿಸೋದು, ಕಥೆಗೆ ಸಂಬಂಧವೇ ಇಲ್ಲದ ಸಿನಿಮಾ ಹಾಡಿಗೆ ಕುಣಿಯೋದು. ಖರ್ಚು ಕಡಿಮೆ, ತಾಲೀಮು ಕಡಿಮೆ. ಆದರೆ ಕರೆಂಟ್ ಹೋದರೆ ಆ ಹಾಡು ಅಲ್ಲಿಗೇ ಮುಗಿಯಿತು.

ಈ ಸಲ ಜಾತ್ರೆಗೆ ನಾಟಕ ಹಾಕುವ ಹುಡುಗರು ಇಲ್ಲಿ ಬಂದಿದ್ದಾರೆ. ಸೀನರಿಯ ದುಡ್ಡಿನಲ್ಲಿ ಸ್ವಲ್ಪ ಉಳಿಸಿ ಎರಡು ಕಾಲರ್ ಮೈಕ್ ಬಾಡಿಗೆಗೆ ತನ್ನಿ. ಒಂದೇ ಒಂದು ಹಾಡನ್ನು, ಪಾತ್ರ ಎಲ್ಲಿದೆಯೋ ಅಲ್ಲಿಂದಲೇ ಹಾಡಿಸಿ ನೋಡಿ. ಮುಂದಿನ ಸಾಲಿನಲ್ಲಿ ಕೂತಿರುವ ನಮ್ಮ ಪೇಟಿ ಮಾಸ್ತರರು ಆಗಲೇ ತಲೆ ಅಲ್ಲಾಡಿಸುತ್ತಿದ್ದಾರೆ. ಬೆನ್ನು ಹಾಕಿ ಹಾಡಿದರೆ ಮುಖ ಕಾಣದೆ ನಾನು ಹೇಗೆ ಬಾರಿಸಲಿ ಅನ್ನೋದು ಅವರ ತಕರಾರು. ಅದು ನ್ಯಾಯವಾದ ಮಾತೇ. ಮಾಸ್ತರರೇ, ಮೈಕ್ ತಗೊಳ್ಳಿ.